ಸಪ್ಪಳ ನುಂಗುವ ತೌಡವ್ವ

"ಈ ಗೊಂಚಲು ಗೊಂಚಲು ಕಣ್ಣಿನ ರಾಕ್ಷಸನ್ನ ತಗದುಬಿಡು. ಅದು ಬ್ಯಾರೆ ಆಟದ ಕಂಪನಿಯವರದು," ಎಂದು ಗಾಳೇಶ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟ.

ಮಹೇಶ್ವರಿ ಅಳಿಸಿದಳು. ಬಿ.ಎಸ್ಸಿ. ಮುಗಿಸಿದ ಈ ಸಹಪಾಠಿಗಳಿಬ್ಬರೂ, ಸುತ್ತ ಕೂತು ಕಥೆ ಕಟ್ಟುತ್ತ ಆಡುವ ಪಾತ್ರದಾಟಕ್ಕೆ ರಾಕ್ಷಸರ ಪುಸ್ತಕವೊಂದನ್ನು ಸಿದ್ಧಪಡಿಸುತ್ತಿದ್ದರು. ಅದು ಮುಕ್ತ ಪರವಾನಗಿಯ ಪುಸ್ತಕ; ಕರ್ತೃವಿನ ಹೆಸರು ಹೇಳಿ ಯಾರು ಬೇಕಾದರೂ ಎರವಲು ಪಡೆಯಬಹುದು, ಬದಲಿಸಬಹುದು. ಆದ್ದರಿಂದಲೇ ಇನ್ನೊಬ್ಬರ ಸ್ವತ್ತು ಅದರೊಳಗೆ ನುಸುಳುವಂತಿರಲಿಲ್ಲ.

"ಈ ತೌಡವ್ವ?" ಎಂದು ಗಾಳೇಶ ಕೇಳಿದ.

"ಜನಪದ. ಅವ್ವ ಹೇಳ್ತಿದ್ಲು."

"ನಿಮ್ಮವ್ವ ಒಬ್ಬಾಕಿ ಹೇಳಿದ್ರ ಜನಪದ ಆಗೂದಿಲ್ಲ. ನಮ್ಮ ಹನುಮಸಾಗರದಾಗ ಯಾರೂ ಕೇಳಿಲ್ಲ."

"ನಿಮ್ಮೂರಾಗ ಅಕ್ಕಿ ಗಿರಣಿ ಎಲ್ಲಿ ಅದಾವು? ತೌಡ ಇಲ್ಲದಲ್ಲಿ ತೌಡವ್ವ ಯಾಕ ಇರ್ತಾಳ?"

ತೌಡವ್ವ ಗಿರಣಿಯ ತೌಡಿನ ರಾಶಿಯಲ್ಲಿರುತ್ತಾಳೆ. ಸಪ್ಪಳವೇ ಅವಳ ಊಟ. ಅದರಲ್ಲೂ ಮನೆಗೆ ಬರುವ ಅವ್ವಂದಿರ ಹೆಜ್ಜೆಯ ಸಪ್ಪಳ. ಹಾಗಾಗಿ ಕಿವಿಗೊಟ್ಟು ಕಾಯುವುದು ವ್ಯರ್ಥ, ಮಕ್ಕಳು ಮಲಗಬೇಕು. ಅವ್ವ ಪಾರ್ವತೆಮ್ಮ ತೀರಿಕೊಂಡ ಮೇಲೆ ಮಹೇಶ್ವರಿಗೆ ಒಂದೇ ಆಸೆಯಿತ್ತು: ತನ್ನೂರು ಗಂಗಾವತಿಯ ಯಾವುದಾದರೊಂದು ಮನೆಯಲ್ಲಿ ಈ ಕಥೆಯನ್ನು ಯಾರಾದರೂ ಇನ್ನೂ ಹೇಳುತ್ತಿರಬೇಕು.

ಮಹೇಶ್ವರಿ ಕೇಳಲು ಹೋದಾಗ, ಅವ್ವನ ಜೊತೆ ಗಿರಣಿಯಲ್ಲಿ ದುಡಿದಿದ್ದ ಜುಬೇದಾಬೀ ತನ್ನ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು.

"ಅಯ್ಯ ಬೇಟಾ, ಆ ಕಥಿ ನಿಮ್ಮವ್ವ ಸ್ವಂತ ಕಟ್ಟಿದ್ಲು! ಗಿರಣಿ ಬಿಡೂದು ತಡ ಆದ್ರ ನೀ ಉಣಲಾರದ ಬಾಗಲಾ ಕಾಯ್ತಿದ್ದಿ. ತೌಡ ಜಾಡಿಸ್ಕೋತ, 'ಏನರ ಒಂದು ಹೇಳಿ ಮಲಗಸ್ಬೇಕು ಜುಬೇದಾ' ಅಂತಿದ್ಲು. ನನ್ನ ಹುಡುಗರಿಗೂ ಹೇಳ್ತೀನಿ ಅಂದ್ರ, 'ನಿಂದು ನೀ ಕಟ್ಗೋ, ಇದು ನನ್ನ ಮಹೇಶಿದು' ಅಂದ್ಲು. ಭಾಳ ಜಿಪುಣಿ ನೋಡು!"

ಜುಬೇದಾಬೀ ನಕ್ಕಳು. ಮಹೇಶ್ವರಿಗೆ ನಗಲಾಗಲಿಲ್ಲ.

"ಹಂಗಾದ್ರ ನಿಮ್ಮವ್ವನ ವಾರಸುದಾರರಂತ ಈಗ ಅದು ನಿಂದೂ ನಿಮ್ಮಪ್ಪಂದೂ," ಎಂದ ಗಾಳೇಶ, ಅವಳಿಂದ ವಿಷಯ ತಿಳಿದು. "ಇಬ್ಬರೂ ಹೂಂ ಅಂದ್ರ ಪುಸ್ತಕದಾಗ ಇರ್ತದ. ಆದ್ರ ಒಮ್ಮೆ ಬಿಟ್ಟುಕೊಟ್ರ ತಿರುಗಿ ಕೇಳಾಕ ಬರೂದಿಲ್ಲ. ಮನಸ್ಸಿಲ್ಲಂದ್ರ ತಗದುಬಿಡೂಣು."

ಮನೆಯಲ್ಲಿ ಅಪ್ಪ ಹುಸೇನಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಒಂದೇ ಮಾತು ಕೇಳಿದ.

"ಯಾರು ತಗೊಂಡ್ರೂ ಅಕಿ ಹೆಸರು ಹೇಳಬೇಕೇನು?"

"ಹೇಳಲೇಬೇಕಪ್ಪ."

"ಹಾಕು ಮತ್ತ."

ಸಂಜೆ ಮಹೇಶ್ವರಿ ತೌಡವ್ವನ ಪುಟ ತೆರೆದು, 'ಜನಪದ' ಎಂಬುದನ್ನು ಅಳಿಸಿ, 'ಕರ್ತೃ: ಪಾರ್ವತೆಮ್ಮ, ಗಂಗಾವತಿ' ಎಂದು ಬರೆದಳು. ಒಂದು ಸಾಲು ಮಾತ್ರ ಖಾಲಿ ಉಳಿದಿತ್ತು: 'ಸೋಲಿಸುವ ಬಗೆ'. ಉಳಿದ ರಾಕ್ಷಸರೆಲ್ಲರಿಗೂ ಬೆಂಕಿಯನ್ನೋ ಕತ್ತಿಯನ್ನೋ ನಿಗದಿಪಡಿಸಿದ್ದಾಗಿತ್ತು. ಯೋಚಿಸಿ ಬರೆದಳು: 'ಆಯುಧಗಳಿಗೆ ಸೋಲುವುದಿಲ್ಲ. ಅವ್ವ ಮನೆಗೆ ಬಂದರೆ ತಾನಾಗಿ ಹೋಗುತ್ತಾಳೆ.'

ಗಿರಣಿಯ ಸೈರನ್ ಕೂಗಿತು. ಕೆಲಸ ಬಿಟ್ಟ ಹೆಂಗಸರ ಚಪ್ಪಲಿಗಳ ಸಪ್ಪಳ ಓಣಿಯಲ್ಲಿ ಹತ್ತಿರವಾಗಿ, ಬಾಗಿಲ ಮುಂದೆ ಹಾದು, ದೂರವಾಯಿತು. ಮಹೇಶ್ವರಿ ಕೀಲಿಮಣೆಯಿಂದ ಕೈ ತೆಗೆದು, ಬಾಗಿಲ ಕಡೆಗೆ ಕಿವಿಗೊಟ್ಟು ಹಾಗೆಯೇ ಕುಳಿತಿದ್ದಳು.