ಕಂಬಳಿ ಒಗೆಯುವವರ ಫೋಟೋ

ಔಷಧಶಾಸ್ತ್ರ ಓದುತ್ತಿದ್ದ ಆ ಹುಡುಗಿಗೆ ಗೆಳೆಯರು ಇಟ್ಟ ಹೆಸರು ಪಟಾಕಿ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಆದರೂ ಶನಿವಾರ ಬಂತೆಂದರೆ ವಿಶ್ವವಿದ್ಯಾಲಯದ ಪ್ರಾರ್ಥನಾಮಂದಿರ ಚಾಪೆಲ್‌ಗೆ ಎಲ್ಲರಿಗಿಂತ ಮೊದಲು ಅವಳೇ ಹಾಜರು. ಅಲ್ಲಿ ಒಬ್ಬೊಬ್ಬರೂ ತಮ್ಮ ದೇವರನ್ನು ತಮಗೆ ಬಂದಂತೆ ನೆನೆಯುತ್ತಿದ್ದರು. ದೇವರೇ ಇಲ್ಲ ಎನ್ನುವವರು ಸುಮ್ಮನೆ ಕೂತಿರುತ್ತಿದ್ದರು. ಆಮೇಲೆ ಎಲ್ಲರೂ ಅಂಗಿಯ ತೋಳು ಮಡಚಿ ಹಿಂದಿನ ಅಂಗಳಕ್ಕಿಳಿದು, ಮನೆಯಿಲ್ಲದವರ ತಂಗುದಾಣದ ಕಂಬಳಿಗಳನ್ನು ಒಗೆಯುತ್ತಿದ್ದರು. ಸ್ವರ್ಗ ಇದೆಯೋ ಇಲ್ಲವೋ ಎಂಬ ಜಗಳವೂ ಅಲ್ಲೇ, ಒಂದೇ ಕಂಬಳಿಯ ಎರಡು ತುದಿ ಹಿಡಿದು ಹಿಂಡುತ್ತಾ.

ಒಂದು ಶನಿವಾರ ಪ್ರಚಾರ ವಿಭಾಗದ ಅಧಿಕಾರಿ ಫೋಟೋದವನನ್ನು ಕರೆದುಕೊಂಡು ಬಂದರು. ಮಧ್ಯಾಹ್ನ ಬರಲಿದ್ದ ದಾನಿಗಳಿಗೆ ತೋರಿಸಲು ಚಿತ್ರ ಬೇಕಿತ್ತು. ಅಧಿಕಾರಿಯ ಚೀಲದಿಂದ ಟೋಪಿ, ಜಪಮಾಲೆ, ಪ್ಲಾಸ್ಟಿಕ್ ಶಿಲುಬೆ ಎಲ್ಲ ಹೊರಬಂದವು.

"ಧರ್ಮಕ್ಕೆ ಒಬ್ಬೊಬ್ರು ಮುಂದೆ ಬನ್ನಿ. ಮಿಕ್ಕೋರು ಪಕ್ಕಕ್ಕೆ ಸರೀರಿ."

ಒಂಟೆ ಎಂದು ಎಲ್ಲರೂ ಕರೆಯುತ್ತಿದ್ದ ಉದ್ದನೆಯ ಹುಡುಗ ಮಸೀದಿಗೆ ಹೋಗುವವನೆಂದು ಯಾರೋ ಹೇಳಿದ್ದೇ ತಡ, ಅಧಿಕಾರಿ ಅವನ ತಲೆಗೆ ಟೋಪಿ ಇಟ್ಟೇಬಿಟ್ಟರು. ಅವನ ಮುಖ ಸಪ್ಪಗಾಯಿತು.

"ಒಂಟೆ, ಅದು ನಿಂದಾ?" ಪಟಾಕಿ ಕೇಳಿದಳು.

"ಅಲ್ಲ ಕಣೆ."

"ಮತ್ತೆ? ಕೊಟ್ಬಿಡು."

ಅವನು ಟೋಪಿಯನ್ನು ಮೆಲ್ಲಗೆ ತೆಗೆದು ವಾಪಸು ಕೊಟ್ಟ. ಪಟಾಕಿ ಒದ್ದೆ ಕೈ ಒರೆಸಿಕೊಂಡು ಎದುರಿಗೆ ನಿಂತಳು. "ನಾವೇನು ಅಂಗಡೀಲಿ ನಿಲ್ಸೋ ಬೊಂಬೆಗಳಾ ಸಾರ್? ಒಗೀತಾ ಇದೀವಿ, ಹಾಗೇ ತೆಗೀರಿ."

"ಹಾಗೆ ತೆಗೆದ್ರೆ ಯಾರು ಯಾವ ಧರ್ಮ ಅಂತ ಹೇಗಮ್ಮ ಗೊತ್ತಾಗೋದು?"

"ನಮ್ ಜೊತೆ ಕೂತು ಕೇಳಿ, ಹೇಳ್ತೀವಿ. ಸ್ವಲ್ಪ ಹೊತ್ತು ಹಿಡಿಯತ್ತೆ."

ಚಾಪೆಲ್ ನೋಡಿಕೊಳ್ಳುತ್ತಿದ್ದ ಪಾದ್ರಿ ಸಮಾಧಾನಕ್ಕೆ ಬಂದರು. "ಒಂದು ಫೋಟೋ ತಾನೇ ಮಗಳೇ, ಹೊಂದ್ಕೊಂಡು ಹೋಗೋಣ."

"ಹೊಂದ್ಕೊಳ್ಳೋದು ಬೇರೆ, ಕುಣಿಸಿದ ಹಾಗೆ ಕುಣಿಯೋದು ಬೇರೆ ಫಾದರ್. ಆ ಪ್ಲಾಸ್ಟಿಕ್ ಶಿಲುಬೆ ನೀವು ಹಾಕ್ಕೋತೀರಾ?"

ಪಾದ್ರಿ ಶಿಲುಬೆಯತ್ತ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು.

ಅಧಿಕಾರಿ ಚೀಲ ಕಟ್ಟಿಕೊಂಡರು. "ಹಾಗಾದ್ರೆ ತಂಗುದಾಣಕ್ಕೆ ಹೋಗೋಕೆ ವಾರವಾರ ನಾವು ಕೊಡ್ತಿದ್ದ ವ್ಯಾನೂ ಇಲ್ಲ. ಕಂಬಳೀನ ತಲೆ ಮೇಲೆ ಹೊತ್ಕೊಂಡು ಹೋಗಿ."

"ಆಗ್ಲಿ ಸಾರ್," ಎಂದಳು ಪಟಾಕಿ.

ಹಿಂದಿನ ವಾರ ಒಣಗಿಸಿಟ್ಟಿದ್ದ ಕಂಬಳಿಗಳನ್ನು ಗಂಟು ಕಟ್ಟಿ ಹೊತ್ತರು. ಪಾದ್ರಿಯೂ ಒಂದು ಗಂಟಿಗೆ ಹೆಗಲು ಕೊಟ್ಟರು. ಮುಂಬಾಗಿಲಲ್ಲಿ ಕಾವಲುಗಾರ ಅಡ್ಡ ಬಂದ. "ದೊಡ್ಡೋರು ಬರೋ ಹೊತ್ತು. ಹಿಂದಿನ ಗೇಟಿಂದ ಹೋಗ್ರಮ್ಮ."

"ತಂಗುದಾಣ ಇರೋದು ಈ ಕಡೆ, ಅಣ್ಣ. ಸುತ್ತು ಹಾಕಕ್ಕೆ ನಾವೇನು ಕದ್ದು ತಂದಿದೀವಾ?"

ಗೇಟು ತೆರೆಯಿತು. ದಾನಿಗಳ ಕಾರುಗಳು ಹೊರಗೆ ಸಾಲುಗಟ್ಟಿದ್ದವು. ಒಂದು ಕಾರು ಹಾರ್ನ್ ಬಾರಿಸಿತು, ಮತ್ತೆ ಬಾರಿಸಿತು. ಪಟಾಕಿಯ ಹೆಜ್ಜೆ ಮಾತ್ರ ಚುರುಕಾಗಲಿಲ್ಲ. ಕೊನೆಯ ಗಂಟು ದಾಟುವವರೆಗೂ ಕಾರುಗಳು ಕಾದವು.

ವ್ಯಾನು ಮುಂದಿನ ವಾರವೂ ಬರಲಿಲ್ಲ. ಕೇಳಲು ಇವರೂ ಹೋಗಲಿಲ್ಲ. ಗಂಟು ಹೊತ್ತು, ಮುಂಬಾಗಿಲಿನಿಂದಲೇ ಹೊರಟರು.