ಬೀ ಲಿಯಾನ್ ಅವರ ಎಡಹುಬ್ಬು

ಲ್ಯಾಬ್ ಸಹಾಯಕಿ ಬೀ ಲಿಯಾನ್ ಅವರಿಗೆ ಬಲಹುಬ್ಬು ಪೂರ್ತಿಯಿತ್ತು, ಎಡಹುಬ್ಬು ಅರ್ಧ ಮಾತ್ರ. ಮೊದಲ ಸಲ ನೋಡಿದವರು ಯಾವುದೋ ಕಾಯಿಲೆಯೆಂದು ತಿಳಿದು, ಮರ್ಯಾದೆಗೆ ಬೇರೆಲ್ಲೋ ನೋಡುತ್ತಿದ್ದರು. ನಮ್ಮ ಲ್ಯಾಬಿನಲ್ಲಿ ಮುಪ್ಪನ್ನು ನಿಧಾನಗೊಳಿಸುವ ಔಷಧಿಗಳನ್ನು ಮೊದಲು ಹುಳುಗಳ ಮೇಲೆ ಪರೀಕ್ಷಿಸುತ್ತಿದ್ದೆವು. ಎಳ್ಳುಕಾಳಿಗಿಂತ ಸಣ್ಣದಾದ, ಗಾಜಿನಷ್ಟು ಪಾರದರ್ಶಕವಾದ ಆ ಜೀವಿ ಹುಟ್ಟಿ, ಬೆಳೆದು, ಮುದಿಯಾಗಿ ಸಾಯುವುದೆಲ್ಲ ಮೂರು ವಾರದಲ್ಲಿ ಮುಗಿಯುವುದರಿಂದ, ಮನುಷ್ಯನಲ್ಲಿ ಎಂಬತ್ತು ವರ್ಷ ಕಾಯಬೇಕಾದ ಉತ್ತರ ಅದರಲ್ಲಿ ಒಂದು ತಿಂಗಳಿಗೆ ಸಿಗುತ್ತದೆ. ಆದರೆ ಮುದಿ ಹುಳು ಅಲುಗಾಡದೆ ಬಿದ್ದಿರುತ್ತದೆ. ಬದುಕಿದೆಯೋ ಇಲ್ಲವೋ ಮುಟ್ಟಿಯೇ ತಿಳಿಯಬೇಕು. ಉಳಿದವರು ಲೋಹದ ತಂತಿಯಿಂದ ಮುಟ್ಟುತ್ತಿದ್ದರೆ, ಬೀ ಲಿಯಾನ್ ತಮ್ಮ ಹುಬ್ಬಿನ ಕೂದಲೊಂದನ್ನು ಕಿತ್ತು, ಹಲ್ಲುಕಡ್ಡಿಯ ತುದಿಗೆ ಅಂಟಿಸಿ, ಅದರಿಂದ ಮುಟ್ಟುತ್ತಿದ್ದರು.

“ತಂತಿ ತಣ್ಣಗಿರುತ್ತೆ. ವಯಸ್ಸಾದವ್ರನ್ನ ಯಾರಾದ್ರೂ ತಣ್ಣನೆ ಕೈಲಿ ಎಬ್ಬಿಸ್ತಾರಾ?” ಎನ್ನುತ್ತಿದ್ದರು. “ಬಲಗಡೆ ಹುಬ್ಬು ಮದುವೆ ಮನೆಗೆ ಹೋಗೋಕೆ, ಎಡಗಡೆದು ಇವಕ್ಕೆ.”

ಹುಳುಗಳ ಕೋಣೆ ವರ್ಷವಿಡೀ ಇಪ್ಪತ್ತು ಡಿಗ್ರಿಯ ತಂಪಿನಲ್ಲಿರಬೇಕು. ಅದಕ್ಕೆಂದು ಕೊಂಡ ಕಂದುಗೆಂಪು ಸ್ವೆಟರನ್ನು ಅವರು ಸಿಂಗಾಪುರದ ಬೇಗೆಯಲ್ಲೂ, ಬಸ್ಸಿನಲ್ಲೂ, ಮಧ್ಯಾಹ್ನ ನೂಡಲ್ಸ್ ಅಂಗಡಿಯ ಸರದಿಯಲ್ಲೂ ತೊಟ್ಟೇ ಇರುತ್ತಿದ್ದರು. ಸುತ್ತಲಿನವರು ಬೆವರಿ ತೊಪ್ಪೆಯಾಗಿದ್ದರೂ ಅವರ ಹಣೆ ಒಣಗಿಯೇ ಇರುತ್ತಿತ್ತು. ಕೈ ಖಾಲಿಯಿದ್ದರೂ ತುಂಬಿದ ತಟ್ಟೆ ಹಿಡಿದವರ ಹಾಗೆ ಎರಡೂ ಅಂಗೈಗಳನ್ನು ಸಮವಾಗಿಟ್ಟುಕೊಂಡು ಪುಟ್ಟ ಹೆಜ್ಜೆಯಲ್ಲಿ ನಡೆಯುವುದು ಅವರ ರೂಢಿ. ನಮ್ಮಲ್ಲಿಗೆ ಬರುವ ಮುನ್ನ ಇಪ್ಪತ್ತೆರಡು ವರ್ಷ ಚಿಪ್ ಕಾರ್ಖಾನೆಯೊಂದರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂಥ ತಂತಿಗಳನ್ನು ಪರೀಕ್ಷಿಸಿದವರು. ಕಾರ್ಖಾನೆ ಬೇರೆ ದೇಶಕ್ಕೆ ಹೊರಟುಹೋದಾಗ ಕಣ್ಣಿನ ಕಸುಬನ್ನು ಹೊತ್ತು ಇಲ್ಲಿಗೆ ಬಂದರು. ಅಲ್ಲಿ ತಪ್ಪು ಹುಡುಕುತ್ತಿದ್ದೆ, ಇಲ್ಲಿ ಜೀವ ಹುಡುಕುತ್ತೇನೆ, ಇದೇ ವಾಸಿ ಎಂದು ಒಮ್ಮೆ ಹೇಳಿದ್ದರು.

ದೀರ್ಘಾಯುಷ್ಯದ ಬಗ್ಗೆ ಅವರಿಗೆ ಸ್ವಂತಕ್ಕೆ ಯಾವ ಆಸೆಯೂ ಇದ್ದಂತಿರಲಿಲ್ಲ. ಲ್ಯಾಬಿನ ತರುಣರು ಹದಿನಾರು ಗಂಟೆ ಉಪವಾಸವಿದ್ದು, ಮಂಜಿನ ನೀರಲ್ಲಿ ಮುಳುಗಿ, ಹೆಸರು ಹೇಳಲಾರದ ಮಾತ್ರೆ ನುಂಗಿ, ತಮ್ಮ ರಕ್ತದ ವಯಸ್ಸನ್ನು ಪರಸ್ಪರ ಹೋಲಿಸಿಕೊಳ್ಳುತ್ತಿರುವಾಗ, ಅವರು ಹತ್ತು ಗಂಟೆಗೆ ಸರಿಯಾಗಿ ಕೆಳಗಿಳಿದು, ಗಟ್ಟಿ ಹಾಲು ಸುರಿದ ಕಾಫಿಯನ್ನೂ ತೆಂಗಿನ ಜಾಮ್ ಸವರಿದ ರೊಟ್ಟಿಯನ್ನೂ ಮುಗಿಸಿ ಬರುತ್ತಿದ್ದರು. ಸಕ್ಕರೆ ಬಿಡಿ ಆಂಟಿ, ಹತ್ತು ವರ್ಷ ಜಾಸ್ತಿ ಬದುಕ್ತೀರಿ ಎಂದು ಒಬ್ಬ ಉಪದೇಶಿಸಿದ.

“ಹುಳಕ್ಕೆ ಕಾಫಿ ಸಿಗಲ್ಲ, ಪಾಪ,” ಎಂದರು ಬೀ ಲಿಯಾನ್. “ನೋಡು, ಇಪ್ಪತ್ತೇ ದಿನಕ್ಕೆ ಹೊರಟುಬಿಡುತ್ತೆ.”

ಅವರು ಮುಟ್ಟುವ ಕ್ರಮ ಹೀಗೆ: ಬಾಲಕ್ಕೊಮ್ಮೆ, ತಲೆಗೊಮ್ಮೆ, ಮತ್ತೆ ಬಾಲಕ್ಕೊಮ್ಮೆ. ಮೂರಕ್ಕೂ ಅಲುಗದಿದ್ದರೆ, ಮನೆಗೆ ಬಂದ ನೆಂಟರನ್ನು ಬೀಳ್ಕೊಡುವಾಗ ಅವರ ಕಡೆಯವರು ಹೇಳುವ ಮಾತನ್ನೇ ಹೇಳುತ್ತಿದ್ದರು: “ನಿಧಾನಕ್ಕೆ ಹೋಗು.” ಆಮೇಲೆ ಪುಸ್ತಕದಲ್ಲಿ ಒಂದು ಗೀಟು.

ಆ ಗೀಟುಗಳನ್ನೇ ನಂಬಿ ನಿಂತಿದ್ದವರು ನಮ್ಮ ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಇಸ್ಕಂದರ್. ಹನ್ನೊಂದು ವರ್ಷ ನಲವತ್ತೈದು ಔಷಧಿಗಳು ಕೈಕೊಟ್ಟ ಮೇಲೆ ನಲವತ್ತಾರನೆಯದು ಫಲಿಸಿತು. ಔಷಧಿಯಿಲ್ಲದ ಹುಳು ಸರಾಸರಿ ಇಪ್ಪತ್ತು ದಿನ ಬದುಕಿದರೆ ಔಷಧಿ ತಿಂದದ್ದು ಇಪ್ಪತ್ತೆರಡು. ಮನುಷ್ಯನ ಲೆಕ್ಕದಲ್ಲಿ ಅದು ಎಂಟು ವರ್ಷ. ಮೂರು ಸಲ ಪುನರಾವರ್ತಿಸಿದರೂ ಅದೇ ಉತ್ತರ. ಇಸ್ಕಂದರ್ ಸಭ್ಯರು, ಹೆಚ್ಚು ಮಾತಿಲ್ಲ. ಆದರೆ ಅವರ ತಾಯಿಗೆ ಮರೆವಿನ ರೋಗ ಹಿಡಿದದ್ದು ನಮಗೆಲ್ಲ ಗೊತ್ತಿತ್ತು. ಹಬ್ಬ ಬಂತೆಂದರೆ ಲ್ಯಾಬಿಗೆ ಅನಾನಸ್ ಬಿಲ್ಲೆಗಳ ಡಬ್ಬಿ ಹೊತ್ತು ಬರುತ್ತಿದ್ದ ಆ ತಾಯಿಗೂ ಬೀ ಲಿಯಾನರಿಗೂ ಬಲು ಸ್ನೇಹ.

ಪ್ರಬಂಧ ಶುಕ್ರವಾರ ಪ್ರಕಟಣೆಗೆ ಹೋಗಬೇಕು. ಬುಧವಾರ ಊಟವಾದ ಮೇಲೆ ಬೀ ಲಿಯಾನ್ ಅಂಗೈಗಳನ್ನು ಸಮವಾಗಿಟ್ಟುಕೊಂಡು ಇಸ್ಕಂದರರ ಮೇಜಿನ ಮುಂದೆ ನಿಂತರು. ನಾನೂ ಅಲ್ಲೇ ಇದ್ದೆ.

“ಡಾಕ್ಟರ್, ಯಾವ ತಟ್ಟೇಲಿ ಔಷಧಿ ಇದೆ ಅಂತ ನಂಗೆ ಗೊತ್ತಾಗುತ್ತೆ.”

ಹುಳು ಸಾಕುವ ತಟ್ಟೆಗಳನ್ನು ಸಿದ್ಧಪಡಿಸುವುದು, ಎಣಿಸುವವರಿಗೆ ಗುಟ್ಟು ತಿಳಿಯದಂತೆ ಅವಕ್ಕೆ ಬರಿಯ ಅಂಕಿ ಬರೆಯುವುದು ನನ್ನ ಕೆಲಸ. ಔಷಧಿ ಬೆರೆತ ತಟ್ಟೆ ನಾಲ್ಕನೇ ದಿನಕ್ಕೆ ಅಂಚಿನಲ್ಲಿ ತುಸು ಹಳದಿಗೆ ತಿರುಗುತ್ತದಂತೆ. ಒಂಬತ್ತು ವರ್ಷ ತಟ್ಟೆ ಮಾಡಿದ ನನ್ನ ಕಣ್ಣಿಗೆ ಬೀಳದ್ದು ಚಿಪ್ ಕಾರ್ಖಾನೆಯ ಕಣ್ಣಿಗೆ ಬಿದ್ದಿತ್ತು.

“ಸುಳ್ಳು ಗೀಟು ಹಾಕಿದ್ದೀರಾ?” ಇಸ್ಕಂದರ್ ಕೇಳಿದರು.

“ಇಲ್ಲ. ಆದ್ರೆ ಮೊನ್ನೆ ಹಳದಿ ತಟ್ಟೇಲಿ ಒಂದನ್ನ ಮೂರು ಸಲ ಮುಟ್ಟಿದೆ, ಅಲುಗ್ಲಿಲ್ಲ. ನಾಲ್ಕನೇ ಸಲ ಮುಟ್ಟಿದೆ, ಐದನೇ ಸಲ ಮುಟ್ಟಿದೆ. ತಲೆ ಆಡಿಸ್ತು. ಬದುಕಿತ್ತು ಡಾಕ್ಟರ್, ನಿಜವಾಗ್ಲೂ. ಆದ್ರೆ ಪಕ್ಕದ ತಟ್ಟೇದನ್ನ ನಾನು ಐದು ಸಲ ಕೇಳ್ತಿರ್ಲಿಲ್ಲ. ಹೀಗೆ ಮೊದ್ಲೂ ಎಷ್ಟು ಸಲ ಆಗಿದೆಯೋ. ಹಳದಿ ನೋಡಿದ್ರೆ ನಿಮ್ಮಮ್ಮ ನೆನಪಾಗ್ತಾರೆ, ಈ ಔಷಧಿ ಫಲಿಸ್ಲಿ ಅನ್ಸುತ್ತೆ. ಕೈ ಗೀಟು ಹಾಕ್ದೆ ಕಾಯುತ್ತೆ,” ಎಂದರು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರಬಂಧ ಹೋಗಲಿಲ್ಲ. ನಾನು ಎಲ್ಲ ತಟ್ಟೆಗಳಿಗೂ ಒಂದೇ ಹಳದಿ ಬಣ್ಣ ಬೆರೆಸಿದೆ. ಎಣಿಸಲು ಬೇರೆಯವರನ್ನು ಹಾಕಿ ಎಂದು ಬೀ ಲಿಯಾನ್ ಬೇಡಿಕೊಂಡರು. ನೀವೇ ಎಣಿಸಬೇಕು ಎಂದು ಇಸ್ಕಂದರ್ ಹಟ ಹಿಡಿದರು. ತಿಂಗಳ ಕೊನೆಗೆ ನಾನು ಗುಟ್ಟಿನ ಅಂಕಿಗಳನ್ನು ಬಿಚ್ಚಿದಾಗ, ಔಷಧಿ ತಿಂದ ಹುಳುಗಳ ಆಯುಷ್ಯ ಇಪ್ಪತ್ತೆರಡು ದಿನ. ತಿನ್ನದ ಹುಳುಗಳದೂ ಇಪ್ಪತ್ತೆರಡು.

“ಯಾವ್ದು ಯಾವ್ದು ಅಂತ ಗೊತ್ತಾಗ್ಲಿಲ್ಲ,” ಎಂದು ಬೀ ಲಿಯಾನ್ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಿದರು. “ಎಲ್ಲಾದನ್ನೂ ಐದು ಸಲ ಕೇಳಿದೆ.”

ಇಸ್ಕಂದರ್ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. “ಆಂಟಿ, ಹನ್ನೊಂದು ವರ್ಷದಲ್ಲಿ ಆಯುಷ್ಯ ಹೆಚ್ಚಿಸಿದ್ದು ನೀವೊಬ್ರೇ.” ನಲವತ್ತಾರನೆಯದನ್ನೂ ಕಪಾಟಿನಲ್ಲಿ ಉಳಿದ ನಲವತ್ತೈದರ ಪಕ್ಕಕ್ಕೆ ಇಟ್ಟರು. ಅದಾಗಿ ಒಂದು ವರ್ಷದ ಮೇಲೆ, ಲಿಫ್ಟಿನಲ್ಲಿ ಇಬ್ಬರೇ ಇದ್ದಾಗ, ಕೇಳದೆಯೇ ನನಗೆ ಹೇಳಿದರು: “ಅಮ್ಮನ್ನ ಮೂರು ಸಲ ಕರೆದು ಎದ್ದು ಬಂದ್ಬಿಡ್ತಿದ್ದೆ. ಈಗ ಐದು ಸಲ ಕರೀತೀನಿ. ಕೆಲವು ದಿನ ತಿರುಗಿ ನೋಡ್ತಾಳೆ.”

ಬೀ ಲಿಯಾನ್ ನಿವೃತ್ತರಾಗಿ ಎರಡು ವರ್ಷವಾಯಿತು. ಈಗ ಎಡಹುಬ್ಬು ಬೆಳೆದು ಬಲದ್ದಕ್ಕೆ ಸಮನಾಗಿದೆ, ನನಗೆ ಮಾತ್ರ ಆ ಮುಖ ಬೇರೆ ಯಾರದೋ ಎಂಬಂತೆ ಕಾಣುತ್ತದೆ. ಅವರಂಥವರು ಆಯುಷ್ಯಕ್ಕೆ ಹೊಸದಾಗಿ ಒಂದು ಗಳಿಗೆಯನ್ನೂ ಸೇರಿಸುವುದಿಲ್ಲ. ಇದ್ದ ಗಳಿಗೆಯನ್ನು ನಾವು ಅವಸರದಲ್ಲಿ ಮೊಟಕುಗೊಳಿಸದಂತೆ ನೋಡಿಕೊಳ್ಳುತ್ತಾರೆ, ಅಷ್ಟೆ. ಮುಪ್ಪನ್ನು ಗೆಲ್ಲುವವರ ಸಾಲಿನಲ್ಲಿ ಅವರ ಹೆಸರು ಬರುವುದಿಲ್ಲ. ಆದರೂ ನನ್ನ ಸರದಿ ಬಂದಾಗ, ನಾನು ಅಲುಗದೆ ಮಲಗಿರುವಾಗ, ಗೀಟು ಹಾಕಲು ಬರುವ ಕೈ ಅಂಥವರದೇ ಆಗಿರಲಿ ಎಂದು ಬಯಸುತ್ತೇನೆ.