ಮಂಗಳವಾರ ಗುರುವಾರದ ಪದವಿ

ನನ್ನ ಹೆಂಡತಿಯ ಡಿಗ್ರಿಯಲ್ಲಿ ಅರ್ಧ ಪಾಲು ನನ್ನದು. ಮುಕ್ಕಾಲು ಅನ್ನಬೇಕಿತ್ತು, ಅವಳು ಜಗಳಕ್ಕೆ ಬರುತ್ತಾಳೆ ಅಂತ ಅರ್ಧಕ್ಕೆ ನಿಲ್ಲಿಸಿದ್ದೇನೆ. ಅವಳು ಓದಿದಳು, ಪರೀಕ್ಷೆ ಬರೆದಳು, ಅಷ್ಟೇ. ಪ್ರತಿ ಮಂಗಳವಾರ, ಪ್ರತಿ ಗುರುವಾರ ಸಂಜೆ ಕಾಲೇಜಿನ ಗೇಟಿನಿಂದ ಅವಳನ್ನು ಮನೆ ಮುಟ್ಟಿಸಿದ್ದು ಯಾರು? ನಾನು. ಅದೂ ಎಂಥ ಗಾಡಿಯಲ್ಲಿ? ಎರಡು ಬಾಗಿಲಿನ, ಐವತ್ತು ಸೀಟಿನ ಬಸ್ಸಿನಲ್ಲಿ. ಅಷ್ಟು ದೊಡ್ಡ ಗಾಡಿ ಯಾವ ಮಹಾರಾಣಿಗೂ ಇದ್ದದ್ದನ್ನು ನಾನು ಕೇಳಿಲ್ಲ.

ನಾನು ಸಿಟಿ ಬಸ್ಸಿನ ಡ್ರೈವರ್. ನಾನು ತಿರುವು ತೆಗೆದುಕೊಂಡರೆ ತಿರುವಿಗೇ ಗೊತ್ತಾಗುವುದಿಲ್ಲ. ಒಮ್ಮೆ ಒಬ್ಬ ಅಜ್ಜಿ ನನ್ನ ಬಸ್ಸಿನಲ್ಲಿ ನಿಂತುಕೊಂಡೇ ಸೂಜಿಗೆ ದಾರ ಪೋಣಿಸಿದರು. ಇದನ್ನು ಡಿಪೋದಲ್ಲಿ ಯಾರೂ ನಂಬುವುದಿಲ್ಲ, ಹೊಟ್ಟೆಕಿಚ್ಚು.

ನನ್ನ ಹೆಂಡತಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಸಹಾಯಕಿ. ಮೂಗು ಒರೆಸುವುದು, ಬಿದ್ದವರನ್ನು ಎತ್ತುವುದು, ಅತ್ತವರನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವುದು ಅವಳ ಕೆಲಸ. ಪಾಠ ಹೇಳುವುದು ಮಾತ್ರ ಟೀಚರಮ್ಮನದು. ಆ ಟೀಚರಮ್ಮನಿಗೋ ಮಂಡಿನೋವು, ನಿವೃತ್ತಿ ಹತ್ತಿರ. ಪಾಠದ ಹೊತ್ತಿನಲ್ಲಿ ಅವರು ಕುರ್ಚಿಯಲ್ಲಿ ಕೂತು, "ನೀನೇ ಹೇಳಿಬಿಡಮ್ಮಾ" ಅನ್ನುತ್ತಿದ್ದರು. ಹೀಗೆ ವರ್ಷಗಟ್ಟಲೆ ತರಗತಿ ನಡೆಸಿದವಳು ಇವಳು, ಬಾಗಿಲ ಮೇಲಿನ ಹೆಸರು ಅವರದು.

ಒಂದು ದಿನ ಶಾಲೆಯ ದೊಡ್ಡ ಮೇಡಂ ಇವಳನ್ನು ಕರೆದು ಹೇಳಿದರು: "ಟೀಚರಮ್ಮ ಈ ವರ್ಷ ಹೊರಡ್ತಾರೆ. ಮುಂದಿನ ವರ್ಷ ಶಾಲೆ ತೆರೆಯೋದ್ರೊಳಗೆ ನಿನ್ನ ಡಿಗ್ರಿ ಕೈಗೆ ಬಂದರೆ ತರಗತಿ ನಿನ್ನದೇ. ಬರದಿದ್ರೆ ಹೊರಗಿನವರನ್ನ ತಗೋಬೇಕಾಗುತ್ತೆ. ನೀನು ಅವರ ಪಕ್ಕದಲ್ಲಿ ಹೀಗೇ ಇರಬಹುದು."

"ಹೀಗೇ" ಅನ್ನುವ ಆ ಒಂದು ಮಾತು ಅವಳಿಗೆ ಮುಳ್ಳಿನ ಹಾಗೆ ಚುಚ್ಚಿತು. ಆದರೆ ಹೆದರಲಿಲ್ಲ. ಸಂಜೆ ಕಾಲೇಜಿನಲ್ಲಿ ಅವಳು ಓದಲು ಶುರು ಮಾಡಿ ಆರು ವರ್ಷವಾಗಿತ್ತು, ಒಂದೊಂದು ಕೋರ್ಸಿಗೆ ಮೂರೋ ನಾಲ್ಕೋ ಸಿಗುವ ಕ್ರೆಡಿಟ್ಟು, ಡಿಗ್ರಿಗೆ ಬೇಕಾದ ನೂರಿಪ್ಪತ್ತೂ ಆ ತಿಂಗಳೇ ತುಂಬುವುದರಲ್ಲಿತ್ತು. ನಾನಂತೂ ಡಿಪೋದಲ್ಲಿ ಎಲ್ಲರಿಗೂ ಸ್ವೀಟು ಹಂಚಿಬಿಟ್ಟೆ.

ಅವಳು ಕೋರ್ಸು ಆರಿಸುತ್ತಿದ್ದ ರೀತಿಯನ್ನು ಇಲ್ಲಿ ಹೇಳಬೇಕು. ಬೇರೆಯವರು ವಿಷಯ ನೋಡಿ ಆರಿಸುತ್ತಾರೆ. ನಾವು ವಾರ ನೋಡಿ ಆರಿಸುತ್ತಿದ್ದೆವು. ಹೊಸ ಸೆಮಿಸ್ಟರ್ ಶುರುವಾಗುವ ಮುಂಚೆ ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಕಾಲೇಜಿನ ವೇಳಾಪಟ್ಟಿ, ಇನ್ನೊಂದು ಕಡೆ ನನ್ನ ಡ್ಯೂಟಿ ಪಟ್ಟಿ. ಮಂಗಳವಾರ ಮತ್ತು ಗುರುವಾರ ನನ್ನ ಬಸ್ಸು ಕಾಲೇಜಿನ ಮುಂದೆ ಹಾದು ನಮ್ಮ ಬಡಾವಣೆಗೆ ಬರುತ್ತದೆ. ಸೋಮವಾರ ಮತ್ತು ಬುಧವಾರ ನನ್ನನ್ನು ಊರಿನ ಆ ತುದಿಗೆ, ಕಾರ್ಖಾನೆಗಳ ಮಾರ್ಗಕ್ಕೆ ಹಾಕುತ್ತಾರೆ. ಆ ದಿನಗಳಲ್ಲಿ ಕಾಲೇಜಿನ ಬಸ್ಸು ಓಡಿಸುವವನು ಬ್ರೇಕಪ್ಪ. ಆ ಹೆಸರನ್ನು ಅವನ ತಾಯಿ ಇಟ್ಟದ್ದಲ್ಲ, ಪ್ರಯಾಣಿಕರು ಇಟ್ಟದ್ದು. ಅವನು ಬ್ರೇಕು ಒತ್ತಿದರೆ ಹಿಂದಿನ ಸೀಟಿನವರು ಮುಂದಿನ ಸೀಟಿನವರ ಸಂಬಂಧಿಕರಾಗುತ್ತಾರೆ.

"ನನ್ನ ಹೆಂಡತಿ ಅವನ ಬಸ್ಸಿಗೆ ಕಾಲಿಡೋದಾ? ನಾನಿರೋ ತನಕ ಇಲ್ಲ," ಅಂತ ನಾನು.

"ಹಾಗಾದ್ರೆ ಮಂಗಳವಾರ ಏನಿದೆ ನೋಡ್ರೀ," ಅಂತ ಅವಳು.

ಮಂಗಳವಾರ ಇತ್ತು ಮಕ್ಕಳ ಮನಸ್ಸಿನ ಬೆಳವಣಿಗೆ. ಅವಳ ಮುಖ್ಯ ವಿಷಯವೇ ಅದು, ಪುಣ್ಯಕ್ಕೆ. ಗುರುವಾರ ಇತ್ತು ಸಂಖ್ಯಾಶಾಸ್ತ್ರ. ಆಮೇಲೆ ಬಂತು ಮಣ್ಣು ಮತ್ತು ಬಂಡೆ, ನಕ್ಷತ್ರ ಪರಿಚಯ, ಹಳೆಯ ನಾಣ್ಯಗಳು. ಒಂದು ಸೆಮಿಸ್ಟರಿನಲ್ಲಿ ಏನೂ ಸಿಗದೆ ಹಡಗುಗಳ ಇತಿಹಾಸ. ನಮ್ಮ ವಂಶದಲ್ಲಿ ಏಳು ತಲೆಮಾರಿಂದ ಯಾರೂ ದೋಣಿಯನ್ನೂ ಹತ್ತಿದವರಲ್ಲ. ಆದರೂ ಇವಳು ಹಾಯಿಗಳ ವಿಧಗಳನ್ನೆಲ್ಲ ಬಾಯಿಪಾಠ ಮಾಡಿ, ಬಟ್ಟೆ ಒಣಹಾಕುವಾಗ ಒಂದೊಂದು ಸೀರೆಗೂ ಒಂದೊಂದು ಹೆಸರು ಹೇಳುತ್ತಿದ್ದಳು.

ಕ್ರೆಡಿಟ್ಟು ತುಂಬಿದ ವಾರ ಪದವಿಗೆ ಅರ್ಜಿ ಹಾಕಲು ಇಬ್ಬರೂ ಹೋದೆವು. ಸಲಹೆಗಾರರ ಕೋಣೆಯಲ್ಲಿ ಕೂತಿದ್ದವಳು ಚಿಕ್ಕ ವಯಸ್ಸಿನ ಹುಡುಗಿ, ಮುಖದಲ್ಲಿ ಮಾತ್ರ ನ್ಯಾಯಾಧೀಶರ ಗಾಂಭೀರ್ಯ. ಕಂಪ್ಯೂಟರಿನ ಪರದೆಯನ್ನು ಮೇಲಿಂದ ಕೆಳಗೆ ನೋಡಿದಳು, ಕೆಳಗಿಂದ ಮೇಲೆ ನೋಡಿದಳು.

"ಮೇಡಂ, ನಿಮ್ಮ ಕ್ರೆಡಿಟ್ಟು ನೂರಿಪ್ಪತ್ತು ದಾಟಿದೆ. ಆದ್ರೆ ಡಿಗ್ರಿ ಆಗಿಲ್ಲ."

ನನ್ನ ಹೆಂಡತಿ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. ನಾನು ಸುಮ್ಮನಿರುವವನಲ್ಲ.

"ಅದು ಹ್ಯಾಗಮ್ಮಾ? ಬೇಕಾದದ್ದು ನೂರಿಪ್ಪತ್ತು, ಇರೋದು ಅದಕ್ಕಿಂತ ಜಾಸ್ತಿ."

"ತಾವು ಯಾರು ಸರ್?"

"ಬಸ್ಸು," ಅಂದೆ.

ಅವಳು ನಗಲಿಲ್ಲ. ಸಮಾಧಾನವಾಗಿಯೇ ವಿವರಿಸಿದಳು. ಎಷ್ಟು ಕ್ರೆಡಿಟ್ಟು ಅನ್ನುವುದು ಒಂದು ಪ್ರಶ್ನೆ, ಯಾವುದರಲ್ಲಿ ಅನ್ನುವುದು ಇನ್ನೊಂದು. ಮುಖ್ಯ ವಿಷಯದ್ದು ಒಂದು ಪಾಲು, ಅದು ಪೂರ್ತಿಯಾಗಿದೆ. ಮನಸ್ಸಿಗೆ ಬಂದದ್ದನ್ನು ಓದುವ ಐಚ್ಛಿಕದ್ದು ಒಂದು ಪಾಲು, ಅದು ತುಂಬಿ ಹೊರಗೆ ಚೆಲ್ಲಿದೆ. ಯಾವ ವಿಷಯದವರೇ ಆಗಲಿ, ಎಲ್ಲರೂ ಮುಗಿಸಲೇಬೇಕಾದ ಕಡ್ಡಾಯದ ಪಾಲು ಮೂರನೆಯದು. ಅದರಲ್ಲಿ ಒಂದು ಕೋರ್ಸು ಇಲ್ಲ: ಲ್ಯಾಬ್ ಇರುವ ವಿಜ್ಞಾನ.

"ಮಣ್ಣು ಬಂಡೆ ಓದಿದೀನಲ್ಲಮ್ಮಾ, ನಕ್ಷತ್ರಾನೂ," ಅಂದಳು ನನ್ನ ಹೆಂಡತಿ.

"ಎರಡರಲ್ಲೂ ಪಾಠ ಮಾತ್ರ ಮೇಡಂ, ಲ್ಯಾಬ್ ಇಲ್ಲ."

"ಚೆಲ್ಲಿದ್ದನ್ನ ಇಲ್ಲಿಗೆ ತುಂಬಿಸಿ," ಅಂದೆ ನಾನು. "ಆ ಹಡಗನ್ನ ತಂದು ಇಲ್ಲಿ ನಿಲ್ಲಿಸಿ. ನಮ್ಮ ಡಿಪೋದಲ್ಲಿ ಭಾನುವಾರ ದುಡಿದರೆ ಇನ್ನೊಂದು ದಿನದ ರಜೆಗೆ ಹಾಕ್ತಾರೆ."

"ಇಲ್ಲಿ ಹಾಗೆ ಹಾಕೋಕಾಗಲ್ಲ ಸರ್." ಆಮೇಲೆ ಅವಳ ಹುಬ್ಬು ಮೇಲೇರಿತು. "ಅಲ್ಲ ಮೇಡಂ, ಆರು ವರ್ಷದ ಎಲ್ಲಾ ಕೋರ್ಸೂ ಮಂಗಳವಾರ ಗುರುವಾರದ್ದೇ ಇದೆಯಲ್ಲ? ನಮ್ಮಲ್ಲಿ ಸಂಜೆ ಲ್ಯಾಬ್ ಇರೋದೇ ಸೋಮವಾರ, ಬುಧವಾರ."

ನನ್ನ ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಮೇಲೆ ನೋಡಿದೆ. ಫ್ಯಾನು ಬಹಳ ಚೆನ್ನಾಗಿ ತಿರುಗುತ್ತಿತ್ತು. ಇದರಲ್ಲಿ ನನ್ನ ತಪ್ಪು ಎಳ್ಳಷ್ಟೂ ಇಲ್ಲ, ತಪ್ಪೆಲ್ಲ ಸೋಮವಾರದ್ದು.

ದಾರಿ ಒಂದೇ ಇತ್ತು. ರಜೆಯ ಅವಧಿಯಲ್ಲಿ ಎಂಟು ವಾರದ ಜೀವಶಾಸ್ತ್ರ, ನಾಲ್ಕು ಕ್ರೆಡಿಟ್ಟಿನದು. ಪಾಠಕ್ಕೆ ಮೂರು, ಲ್ಯಾಬಿಗೆ ಒಂದು. ಶಾಲೆ ತೆರೆಯುವ ಮುಂಚೆ ಮುಗಿಯುತ್ತದೆ. ಎರಡಕ್ಕಿಂತ ಹೆಚ್ಚು ಲ್ಯಾಬ್ ತಪ್ಪಿಸಿದರೆ ಫೇಲು. ಸಿ ದರ್ಜೆಗಿಂತ ಕೆಳಗೆ ಬಂದರೂ ಕಡ್ಡಾಯದ ಲೆಕ್ಕಕ್ಕೆ ಸೇರುವುದಿಲ್ಲ.

"ಲ್ಯಾಬಲ್ಲಿ ಎಷ್ಟು ಹೊತ್ತು ನಿಲ್ಲಬೇಕು?" ಅಂತ ಕೇಳಿದೆ.

"ಒಂದೊಂದು ಸಲಕ್ಕೆ ಮೂರು ಗಂಟೆ."

"ಮೂರು ಗಂಟೆ ಪಾಠ ಕೇಳಿದ್ರೆ ಮೂರು ಕ್ರೆಡಿಟ್ಟು, ಮೂರು ಗಂಟೆ ನಿಂತು ಕೆಲಸ ಮಾಡಿದ್ರೆ ಒಂದೇನಾ? ಯೂನಿಯನ್ ಇಲ್ವಾ ನಿಮ್ಮಲ್ಲಿ?"

"ರೀ, ಏಳಿ," ಅಂದಳು ನನ್ನ ಹೆಂಡತಿ.

ಮನೆಯಲ್ಲಿ ನಮ್ಮ ಅತ್ತೆ ವಿಷಯ ಕೇಳಿ, "ಹಾಗಾದ್ರೆ ಅಳಿಯಂದಿರು ಹಂಚಿದ ಸ್ವೀಟು ವಾಪಸ್ ತರಬೇಕಾ?" ಅಂದರು. ಅಳಿಯನ ಮೇಲೆ ಅಷ್ಟು ಪ್ರೀತಿ ಅವರಿಗೆ. ನಾನು ಇನ್ನೂ ಕಾಲೇಜನ್ನು ಬೈಯುತ್ತಲೇ ಇದ್ದೆ. ಆಗ ನನ್ನ ಹೆಂಡತಿ ತಟ್ಟೆ ಇಡುತ್ತಾ ಕೇಳಿದಳು: "ಬಸ್ಸಲ್ಲಿ ಐವತ್ತು ಸೀಟೂ ತುಂಬಿದೆ. ಬಾಗಿಲಲ್ಲಿ ಜನ ನೇತಾಡ್ತಿದ್ದಾರೆ. ಡ್ರೈವರ್ ಸೀಟೊಂದು ಖಾಲಿ. ಬಸ್ಸು ಹೊರಡುತ್ತಾ?"

ನಾನು ಕಾಲೇಜನ್ನು ಬೈಯುವುದು ಬಿಟ್ಟು ಡ್ಯೂಟಿ ಪಟ್ಟಿ ತೆಗೆದೆ.

ಮರುದಿನ ಡಿಪೋ ಸಾಹೇಬರ ಹತ್ತಿರ ಹೋಗಿ ಡ್ಯೂಟಿ ಬದಲಿಸಿ ಅಂತ ಕೇಳಿದೆ. ನನ್ನಂಥ ಡ್ರೈವರನ್ನು ಕಳೆದುಕೊಂಡರೆ ಕಾರ್ಖಾನೆಗಳು ಮುಚ್ಚಿಹೋಗುತ್ತವೆ ಅಂತಲೇ ಇರಬೇಕು, ಅವರು ಆಗಲ್ಲ ಅಂದರು. ಬೇರೆ ದಾರಿಯಿಲ್ಲದೆ ಬ್ರೇಕಪ್ಪನನ್ನು ಕ್ಯಾಂಟೀನಿನಲ್ಲಿ ಹಿಡಿದೆ.

"ನೋಡಪ್ಪಾ, ನನ್ನ ಮನೆಯವಳು ನಿನ್ನ ಬಸ್ಸಿಗೆ ಬರ್ತಾಳೆ. ಬ್ರೇಕನ್ನ ಕಾಲಲ್ಲಿ ಒತ್ತು, ದ್ವೇಷದಿಂದ ಒತ್ತಬೇಡ."

"ಅಕ್ಕನ ಚಿಂತೆ ಬಿಡಿ ಗುರುವೇ," ಅಂತ ಅವನು ಚಹಾ ಹೀರಿದ. "ಲ್ಯಾಬ್ ತಡ ಆದ್ರೆ ಗೇಟಲ್ಲಿ ಎರಡು ನಿಮಿಷ ನಿಲ್ಲಿಸ್ತೀನಿ. ಯಾರಾದ್ರೂ ಕೇಳಿದ್ರೆ ಬ್ರೇಕು ಹಿಡ್ಕೊಂಡಿದೆ ಅಂತೀನಿ. ನಂಬ್ತಾರೆ."

ಮೊದಲ ವಾರ ಅವಳು ಮನೆಗೆ ಬಂದಾಗ ಕೈಯಲ್ಲಿ ಸ್ಪಿರಿಟ್ಟಿನ ವಾಸನೆ, ಮುಖ ಸಪ್ಪೆ. ಲ್ಯಾಬಿನಲ್ಲಿ ಈರುಳ್ಳಿ ಸಿಪ್ಪೆಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯಬೇಕಿತ್ತು. ಇವಳು ಚಿಕ್ಕ ಮಕ್ಕಳ ಗೋಡೆಗೆ ಚಿತ್ರ ಬರೆದು ಬರೆದು ಪಳಗಿದ ಕೈ. ಕೋಶಗಳನ್ನು ಇಟ್ಟಿಗೆ ಜೋಡಿಸಿದಂತೆ ಸಮನಾಗಿ ಬರೆದು ನೇರಳೆ ಬಣ್ಣ ತುಂಬಿದ್ದಳು. ಲ್ಯಾಬಿನ ಮೇಡಂ ಡಿ ಹಾಕಿ ವಾಪಸ್ ಕೊಟ್ಟಿದ್ದರು.

"'ತುಂಬಾ ಚೆಂದ ಇದೆ, ಆದ್ರೆ ನೀವು ಕಂಡದ್ದಲ್ಲ' ಅಂದ್ರು," ಅಂತ ಹೇಳಿ ಕೂತಳು. "ಹೀಗೇ ಆದ್ರೆ ಸಿ ಬರಲ್ಲ ಕಣ್ರೀ. ನನ್ನ ಮಕ್ಕಳಿಗೆ ಬೇರೆ ಯಾರೋ ಬರ್ತಾರೆ."

ಅವಳು ಅತ್ತಿದ್ದರೆ ನಾನು ನಗಿಸುತ್ತಿದ್ದೆ. ಅಳಲಿಲ್ಲ. ಅಡುಗೆಮನೆಯಿಂದ ಒಂದು ಈರುಳ್ಳಿ ತಂದು ಪೊರೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು.

"ನನಗೆ ಕೋಶ ಬರಿಗಣ್ಣಿಗೇ ಕಾಣ್ತಿದೆ," ಅಂದೆ. "ಒಂದೊಂದೂ ಲಾರಿಯಷ್ಟಿದೆ."

ಅವಳು ಈರುಳ್ಳಿ ಕೆಳಗಿಟ್ಟಳು. "ಇವತ್ತು ನಿಮ್ಮ ಬಸ್ಸಲ್ಲಿ ಎಷ್ಟು ಜನ ಇದ್ರು?"

"ಸಾವಿರ."

"ಕಂಡಷ್ಟು ಹೇಳಿ."

"ಇನ್ನೂರು."

"ರೀ."

"ಅರವತ್ತು... ಹತ್ತು ಜನ ನಿಂತಿದ್ರು. ಒಬ್ಬರ ಕೈಲಿ ಕೋಳಿಮರಿ ಪೆಟ್ಟಿಗೆ."

"ಹ್ಞಾಂ. ಅಷ್ಟೇ ಬರೀಬೇಕು ನಾನು," ಅಂತ ಪೆನ್ಸಿಲ್ಲು ಎತ್ತಿಕೊಂಡಳು.

ಅಲ್ಲಿಂದ ನಮ್ಮ ಮನೆಯಲ್ಲಿ ನನ್ನ ಬಾಳು ನರಕ. ಸಂಜೆ ನಾನು ಏನು ಹೇಳಿದರೂ ಅವಳು ಒಂದೊಂದೇ ಪದರ ಸುಲಿಯುತ್ತಿದ್ದಳು. ಆನೆಯಷ್ಟು ದೊಡ್ಡ ನಾಯಿ ಅಡ್ಡ ಬಂತು ಅಂದರೆ ಅದು ಇಲಿಯಷ್ಟಕ್ಕೆ ಇಳಿಯುವ ತನಕ ಬಿಡುತ್ತಿರಲಿಲ್ಲ. ನನ್ನ ಮೇಲೆ ಅಭ್ಯಾಸ ಮಾಡಿ ಲ್ಯಾಬಿನಲ್ಲಿ ಬರೆಯುತ್ತಿದ್ದಳು. ಡಿ ಹೋಗಿ ಸಿ ಬಂತು, ಒಮ್ಮೆ ಬಿ ಬಂತು, ಮತ್ತೆ ಸಿ. ಇದರ ಜೊತೆಗೆ ಬ್ರೇಕಪ್ಪನ ಹೊಗಳಿಕೆ ಬೇರೆ. "ಪಾಪ, ಅವರ ಬಸ್ಸು ನೀವು ಹೇಳೋಷ್ಟೇನೂ ಕೆಟ್ಟದಾಗಿಲ್ಲ" ಅಂದ ದಿನ ನನಗೆ ಊಟ ಸೇರಲಿಲ್ಲ. ಎರಡನೇ ಸಲ ಬಡಿಸಿಕೊಂಡೆ, ಆದರೆ ಸೇರಲಿಲ್ಲ.

ಕೊನೆಯ ಬುಧವಾರ ಲ್ಯಾಬ್ ಪರೀಕ್ಷೆ. ಅಂದು ನಾನು ರಜೆ ಹಾಕಿದೆ. ನನ್ನ ಮದುವೆಯ ದಿನವೂ ಬೆಳಿಗ್ಗೆ ಒಂದು ಟ್ರಿಪ್ ಹೊಡೆದು ಆಮೇಲೆ ಮಂಟಪಕ್ಕೆ ಬಂದವನು ನಾನು, ರಜೆ ಕೇಳಿದ್ದಕ್ಕೆ ಡಿಪೋ ಸಾಹೇಬರು ನನ್ನ ಹಣೆ ಮುಟ್ಟಿ ನೋಡಿದರು. ಸಂಜೆ ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲಿನ ಗಾಜಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು, ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದಳು. ಎಷ್ಟೋ ಹೊತ್ತು ಅಲುಗಲಿಲ್ಲ. ಅವಳ ಸುತ್ತಲಿನವರು ಬರೆದು ಮುಗಿಸಿ ಒಬ್ಬೊಬ್ಬರಾಗಿ ಹೊರಗೆ ಬಂದರು.

ಕೊನೆಗೆ ಅವಳೂ ಬಂದಳು. ನಾನು ಕೇಳುವ ಮುಂಚೆಯೇ, "ಬಸ್ಸು ಬಂತು, ನಡೀರಿ," ಅಂದಳು.

ಬ್ರೇಕಪ್ಪ ನನ್ನನ್ನು ನೋಡಿ, "ಓಹೋ, ಗುರುಗಳು ಪ್ರಯಾಣಿಕರಾಗಿ! ಹಿಡ್ಕೊಂಡು ಕೂತ್ಕೊಳ್ಳಿ," ಅಂದ. ಇಬ್ಬರ ಸೀಟು ಒಂದು ಖಾಲಿ ಇತ್ತು. ಕೂತೆವು. ಬಸ್ಸು ಹೊರಟಿತು. ಬಸ್ಸಿನಲ್ಲಿ ಅವಳ ಪಕ್ಕ ಕೂತು ನನಗೆ ಅಭ್ಯಾಸವೇ ಇಲ್ಲ. ಸ್ಟೀರಿಂಗ್ ಇಲ್ಲದ ಕೈಗಳನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಮಂಡಿಯ ಮೇಲಿಟ್ಟೆ, ಎದುರಿನ ಕಂಬಿಗೆ ಇಟ್ಟೆ, ಮತ್ತೆ ಮಂಡಿಗೆ ತಂದೆ. ಅವಳು ತನ್ನ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, "ಇದನ್ನ ಹಿಡ್ಕೊಳ್ಳಿ," ಅಂದಳು.

"ಏನಾಯ್ತು ಹೇಳೇ ಮಾರಾಯ್ತಿ."

"ಮೇಡಂ ಅಲ್ಲೇ ಎಲ್ಲಾ ಕೂಡಿಸಿ ಹೇಳಿದ್ರು." ಕಿಟಕಿಯ ಕಡೆ ನೋಡುತ್ತಾ ಹೇಳಿದಳು. "ಬಿ."

ನಾನು ಎದ್ದು ನಿಂತು ಇಡೀ ಬಸ್ಸಿಗೆ ಸಾರಬೇಕು ಅಂತಿದ್ದೆ. ಅವಳು ನನ್ನ ತೋಳು ಹಿಡಿದು ಕೂರಿಸಿದಳು.

"ತರಗತಿ ನಿನ್ನದೇ ಹಾಗಾದ್ರೆ," ಅಂದೆ ಮೆಲ್ಲಗೆ.

"ನನ್ನದೇ." ಕಣ್ಣು ಒರೆಸಿಕೊಂಡು ಹೇಳಿದಳು: "ಇವತ್ತಿನ ಸ್ಲೈಡಲ್ಲಿ ದುಂಡಗೆ, ಕಪ್ಪು ಅಂಚಿನದು ಒಂದಿತ್ತು ಕಣ್ರೀ. ಪುಸ್ತಕದಲ್ಲಿ ಇಲ್ಲ. ಬೇರೆಯವರೆಲ್ಲ ಅದನ್ನ ಬಿಟ್ಟೇಬಿಟ್ರು. ನಾನು ಇತ್ತಲ್ಲ ಅಂತ ಬರೆದೆ. ಗಾಳಿಗುಳ್ಳೆ ಅಂತೆ. ಮೇಡಂ ನಕ್ಕುಬಿಟ್ರು. ಮಕ್ಕಳಿಗೂ ಒಂದು ಸೂಕ್ಷ್ಮದರ್ಶಕ ಬೇಕು ಅಂತ ದೊಡ್ಡ ಮೇಡಂನ ಕೇಳ್ತೀನಿ. ಮೊದಲು ಎಲೆ ತೋರಿಸ್ತೀನಿ. ಆಮೇಲೆ ಸಕ್ಕರೆ..."

ಸಕ್ಕರೆ ಆಯಿತು, ನೊಣದ ರೆಕ್ಕೆ ಆಯಿತು, ಕೊಳದ ನೀರು ಬಂತು. ನಾನು ಚೀಲ ಹಿಡಿದುಕೊಂಡು ಕೇಳುತ್ತಾ ಕೂತೆ. ನಡುವೆ ಬ್ರೇಕಪ್ಪ ಎಲ್ಲೆಲ್ಲಿ ಬ್ರೇಕು ಒತ್ತಿದನೋ ಗಮನಿಸಲಿಲ್ಲ.

"ಗುರುವೇ," ಅಂತ ಅವನ ದನಿ ಮುಂದಿನಿಂದ ಕೇಳಿತು. "ನಿಮ್ಮ ಸ್ಟಾಪು ಆಗಲೇ ಹಿಂದಾಯ್ತು. ಇಳಿಯೋ ಯೋಚನೆ ಇದೆಯಾ?"

ಮುಂದಿನ ಸ್ಟಾಪಿನಲ್ಲಿ ಇಳಿದೆವು. ಅವಳು ಕೊಳದ ನೀರಿನ ವಿಷಯ ಇನ್ನೂ ಮುಗಿಸಿರಲಿಲ್ಲ. ಮನೆಯ ತನಕ ನಡೆದೇ ಬಂದೆವು.